ಕಂಟ್ರೋಲರ್ ಸಾಹೇಬರ ಮುಂದಿನ ಕಂತು

ನನಗೆ ಗೊತ್ತಿರುವವರಲ್ಲಿ ಹಿಂದಿ ಕಲಿತು ಕೆಟ್ಟವರು ಅಂದರೆ ಅವರೊಬ್ಬರೇ. ಕಲಿಯುವ ಮುಂಚೆ ಚೆನ್ನಾಗಿಯೇ ಇದ್ದರು.

ಹೂವಿನಹಡಗಲಿ ಬಸ್ ನಿಲ್ದಾಣದಲ್ಲಿ ಅವರು ಟ್ರಾಫಿಕ್ ಕಂಟ್ರೋಲರ್, ನಾನು ಹರಪನಹಳ್ಳಿ ರೂಟಿನ ಕಂಡಕ್ಟರ್. ಎಂಬತ್ತರ ದಶಕದ ನಡುವಿನ ಮಾತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಹಡಗಲಿಯಲ್ಲಿ ಅರ್ಧ ಜನಕ್ಕೆ ಯಾರೆಂದು ತಿಳಿಯಲಿಕ್ಕಿಲ್ಲ. ಎಲ್ಲರಿಗೂ ಅವರು ಕಂಟ್ರೋಲರ್ ಸಾಹೇಬರು, ಅಷ್ಟೇ. ಕಳೆದ ತಿಂಗಳು ತೀರಿಕೊಂಡರು ಎಂದು ಫೋನು ಬಂದಾಗಲೂ ಆ ಕಡೆಯ ಧ್ವನಿ "ಕಂಟ್ರೋಲರ್ ಸಾಹೇಬ್ರು ಹೋದ್ರು ರೀ" ಎಂದೇ ಹೇಳಿತು. ಆ ಫೋನಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೇರೆ ಊರಿನ ಕಂಟ್ರೋಲರುಗಳು ಮೈಕಿನಲ್ಲಿ ಬಸ್ಸುಗಳ ಹೆಸರನ್ನು ರೇಷನ್ ಪಟ್ಟಿ ಓದಿದ ಹಾಗೆ ಓದುತ್ತಿದ್ದರು. ಇವರದು ಬೇರೆ ರೀತಿ. ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಮೇಜಿನ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, ಅಚ್ಚ ಪುಸ್ತಕದ ಕನ್ನಡದಲ್ಲಿ ಶುರು ಮಾಡುವರು: "ಪ್ರಯಾಣಿಕರ ಗಮನಕ್ಕೆ. ಮಾಗಳ, ಹೊಳಲು ಮಾರ್ಗದ ಬಸ್ಸು ಇಗೋ ಬಂದಿದೆ. ಬಂದಷ್ಟೇ ಬೇಗ ಹೊರಡುತ್ತದೆ ಎಂಬ ನಂಬಿಕೆ ನನಗಿಲ್ಲ. ಆದರೂ ಹತ್ತಿಕೊಳ್ಳಿ." ಇನ್ನೊಂದು ದಿನ: "ಕೊಟ್ಟೂರಿನಿಂದ ಬರಬೇಕಾದ ಬಸ್ಸು ಇನ್ನೂ ಬಂದಿಲ್ಲ. ಕಾರಣ ತಿಳಿದಿಲ್ಲ. ತಿಳಿದವರು ಈ ಕೋಣೆಗೆ ಬಂದು ನನಗೂ ಹೇಳಬೇಕಾಗಿ ವಿನಂತಿ." ಜನ ನಗುತ್ತಿದ್ದರು, ಬಸ್ಸು ತಡವಾದ ಸಿಟ್ಟು ಅರ್ಧ ಅಲ್ಲಿಗೇ ಇಳಿಯುತ್ತಿತ್ತು. ನನ್ನ ಡ್ರೈವರ್ ಖಾದರ್, "ಇವ್ರ ಮಾತು ಕೇಳಾಕ ಗಾಡಿ ಲೇಟಾಗ್ಲಿ ಅನಸ್ತೈತಿ ನೋಡಪ್ಪ" ಅನ್ನುತ್ತಿದ್ದ. ಲೇಟು ಮಾಡುವುದರಲ್ಲಿ ಅವನಿಗೆ ಬೇರೆ ಪ್ರೋತ್ಸಾಹವೇನೂ ಬೇಕಿರಲಿಲ್ಲ.

ನಿಲ್ದಾಣದ ಹಿಂದಿನ ಓಣಿಯಲ್ಲಿ ಹುಲಿಗೆವ್ವನ ಮನೆ. ಹಡಗಲಿ ಮಲ್ಲಿಗೆಯ ವ್ಯಾಪಾರದಲ್ಲಿ ಆಕೆಯದು ದೊಡ್ಡ ಕೈ. ಸುತ್ತಲಿನ ತೋಟಗಳ ಮೊಗ್ಗು ಬೆಳಿಗ್ಗೆ ಆಕೆಯ ಪಡಸಾಲೆಗೆ ಬಂದು ಬೀಳುತ್ತಿತ್ತು. ಹತ್ತು ಹನ್ನೆರಡು ಹೆಣ್ಣುಮಕ್ಕಳು ಕೂತು ಮಾಲೆ ಕಟ್ಟುತ್ತಿದ್ದರು, ಉಳಿದ ಮೊಗ್ಗು ಬುಟ್ಟಿಯಾಗಿ ಬಸ್ಸಿನ ಟಾಪಿಗೇರಿ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಹೋಗುತ್ತಿತ್ತು. ಯಾವ ಬುಟ್ಟಿ ಯಾವ ಬಸ್ಸಿಗೆ ಎಂಬುದು ಕಂಟ್ರೋಲರ್ ಸಾಹೇಬರ ಕೈಯಲ್ಲಿದ್ದುದರಿಂದ ಆ ಮನೆಯಲ್ಲಿ ಅವರಿಗೆ ಚಹಾ ತಪ್ಪುತ್ತಿರಲಿಲ್ಲ. ಆ ಓಣಿಗೆ ಮೊದಲು ಟೀವಿ ತಂದವಳೂ ಹುಲಿಗೆವ್ವನೇ. ಮಾಳಿಗೆಯ ಮೇಲೆ ಮೂರಾಳೆತ್ತರದ ಕಂಬ, ಅದರ ತುದಿಗೆ ಹೊಸಪೇಟೆ ಕಡೆ ಮುಖ ಮಾಡಿದ ಆಂಟೆನಾ. ಗಾಳಿ ಬೀಸಿದರೆ ಪರದೆಯ ಮೇಲೆ ಬರೀ ಹುಳ.

ಭಾನುವಾರ ಬೆಳಿಗ್ಗೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ದೊಡ್ಡ ಮನೆತನ, ಮೂವರು ಸೊಸೆಯರು, ಅವರಲ್ಲಿ ದೊಡ್ಡ ಸೊಸೆಯನ್ನು ಗಂಡ ಹೊರಗೆ ಹಾಕಿದ್ದಾನೆ. ಇಷ್ಟು ಚಿತ್ರ ನೋಡಿಯೇ ಗೊತ್ತಾಗುತ್ತಿತ್ತು. ಮುಂದಿನದಕ್ಕೆ ಹಿಂದಿ ಬೇಕು. ಕಂಟ್ರೋಲರ್ ಸಾಹೇಬರ ಹತ್ತಿರ ಹೈಸ್ಕೂಲಿನಲ್ಲಿ ಹಿಂದಿಯ ಮೊದಲ ಪರೀಕ್ಷೆ ಪಾಸಾದ ಸರ್ಟಿಫಿಕೇಟು ಇತ್ತು. ಸರ್ಟಿಫಿಕೇಟು ಇತ್ತು ಎಂದೆ, ಹಿಂದಿ ಇತ್ತು ಎನ್ನಲಿಲ್ಲ.

ಟೀವಿಯ ಪಕ್ಕ ಕಬ್ಬಿಣದ ಕುರ್ಚಿ ಹಾಕಿಸಿಕೊಂಡು ಕೂತು ಅವರು ಕಥೆ ಹೇಳುವರು. ಪರದೆಯಲ್ಲಿ ಎರಡು ಮಾತಾದರೆ ಇವರು ಇಪ್ಪತ್ತು ಆಡುವರು. ಹೆಣ್ಣುಮಕ್ಕಳ ಕಣ್ಣು ಟೀವಿಯ ಮೇಲೆ, ಕಿವಿ ಇವರ ಮೇಲೆ, ಕೈ ಮಾತ್ರ ತನ್ನ ಪಾಡಿಗೆ ತಾನು ಮೊಗ್ಗು ಜೋಡಿಸಿ ದಾರ ಸುತ್ತುತ್ತಿತ್ತು. ಕಥೆ ಬಿಗಿಯಾದಷ್ಟೂ ಮಾಲೆ ಬಿಗಿಯಾಗುತ್ತಿತ್ತು ಎಂದು ಹುಲಿಗೆವ್ವ ಹೇಳುತ್ತಿದ್ದಳು. ಕಥೆ ಮುಗಿದ ಮೇಲೆ ಸಾಹೇಬರಿಗೆ ಒಂದು ಮೊಳ ಮಲ್ಲಿಗೆ ಸಲ್ಲುತ್ತಿತ್ತು. ಅವರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅದನ್ನು ಮನೆಗೆ ಒಯ್ದು ಫೋಟೋಕ್ಕೆ ಹಾಕುತ್ತಿದ್ದರು.

ಅವರ ಕಥೆಯಲ್ಲಿ ದೊಡ್ಡ ಸೊಸೆ ಅಳುತ್ತಿರಲಿಲ್ಲ. ಪರದೆಯಲ್ಲಿ ಕಣ್ಣೀರು ಧಾರಾಳವಾಗಿಯೇ ಕಾಣುತ್ತಿತ್ತು. "ಅದು ಸಿಟ್ಟಿನ ನೀರು ರೀ" ಎಂದು ಸಾಹೇಬರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಗಂಡ ಬಂದು ಕೈಮುಗಿದರೆ ಆಕೆ, "ಈ ಕೈ ಮೊದಲು ಏನು ಮಾಡ್ತಿತ್ತು ಅನ್ನೋದು ನನಗ ನೆನಪೈತಿ" ಅನ್ನುತ್ತಿದ್ದಳು. ಹೊಲಿಗೆ ಮಿಷನ್ ತಂದಳು, ಅಂಗಡಿ ಹಾಕಿದಳು. ಪರದೆಯಲ್ಲಿ ಅಂಗಡಿ ಯಾಕೆ ಕಾಣುವುದಿಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಬಾಡಿಗಿ ಜಾಸ್ತಿ, ಅವ್ರು ತೋರ್ಸಂಗಿಲ್ಲ" ಎಂದರಂತೆ.

ಖಾದರನಿಗೆ ಮನೆಮಾತು ಉರ್ದು. ಅವನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಒಂದು ದಿನ ದಾರಿಯಲ್ಲಿ ಟಯರ್ ಬದಲಿಸುತ್ತ ನಾನು ಕೇಳಿದೆ, "ಖರೇನs ಕಥಿ ಹಂಗ ಐತೇನಲೇ?" ಅವನು ಪಾನಾ ಕೆಳಗಿಟ್ಟ.

"ಎಲ್ಲಿ ಐತಿ? ಒಂದು ಮಾತೂ ಹಂಗಿಲ್ಲ."

"ಮತ್ತ ಯಾಕ ಹೇಳಂಗಿಲ್ಲ?"

"ಇವ್ರು ಹೇಳೋದು ಅದಕ್ಕಿಂತ ಚಲೋ ಐತಿ ಬಿಡಪ್ಪ. ನಮ್ಮನಿಯಾಕಿನೂ ಇದನ್ನs ಕೇಳಾಕ ಬರ್ತಾಳ."

ಆ ಧಾರಾವಾಹಿಗೆ ಇಡೀ ತಾಲೂಕಿನಲ್ಲಿ ಸಾಹೇಬರಂಥ ಅಭಿಮಾನಿ ಮತ್ತೊಬ್ಬನಿರಲಿಲ್ಲ. ದೊಡ್ಡ ಸೊಸೆಯ ಪಾತ್ರದವಳಿಗೆ ಮುಂಬಯಿಗೆ ಪತ್ರ ಬರೆದು, ಹೇಗೆ ನಡೆದುಕೊಳ್ಳಬೇಕೆಂದು ಬುದ್ಧಿವಾದ ಹೇಳಿದ್ದರು. ಉತ್ತರವಾಗಿ ಅಚ್ಚುಹಾಕಿದ ಸಹಿಯ ಫೋಟೋ ಬಂತು. ಅದನ್ನು ಕೋಣೆಯಲ್ಲಿ ವೇಳಾಪಟ್ಟಿಯ ಪಕ್ಕ ಅಂಟಿಸಿದರು. ಕೂಡ್ಲಿಗಿ ಬಸ್ಸಿನ ಸಮಯ ನೋಡಲು ಬಂದವರೆಲ್ಲ ಆಕೆಯನ್ನೂ ನೋಡಿಕೊಂಡು ಹೋಗುತ್ತಿದ್ದರು.

ಬರೆಯುವ ಹುಚ್ಚು ಹತ್ತಿದ್ದೂ ಆಗಲೇ. ಮುಂದಿನ ವಾರದ ಕಥೆಯನ್ನು ಟೀವಿಯವರಿಗಿಂತ ಮುಂಚೆಯೇ ಬರೆದಿಡುತ್ತಿದ್ದರು. ಹಳೇ ಲಾಗ್‌ಶೀಟುಗಳ ಹಿಂಬದಿ, ಪೆನ್ಸಿಲಿನಲ್ಲಿ, ಅಂಚು ಬಿಡದೆ. ಒಂದು ಬದಿಗೆ ಬಸ್ಸು ಬಂದ ಹೊತ್ತು, ಹೋದ ಹೊತ್ತು. ತಿರುವಿದರೆ ದೊಡ್ಡ ಸೊಸೆ. ಹಾಗೆ ಇಪ್ಪತ್ತು ಕಂತುಗಳಾದವು. ಮೊದಲ ನಾಲ್ಕನ್ನು ಶುದ್ಧಪ್ರತಿ ಮಾಡಿ, ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿ, ಬೆಂಗಳೂರಿನ ಟೀವಿಯವರಿಗೆ ಕಳಿಸಿದರು.

ಟೀವಿಗೆ ಬರೆಯುವುದರ ಬಗ್ಗೆ ಅವರಿಗೆ ಖಚಿತ ಅಭಿಪ್ರಾಯಗಳಿದ್ದವು. ಚಹಾ ಕುಡಿಸಿದವರಿಗೆಲ್ಲ ಅವನ್ನು ಹೇಳುತ್ತಿದ್ದರು, ಕುಡಿಸದವರಿಗೂ ಹೇಳುತ್ತಿದ್ದರು. "ನಾಟಕಕ್ಕ ಜನ ಕೆಲಸ ಬಿಟ್ಟು ಬರ್ತಾರ. ಟೀವಿ ಹಂಗಲ್ಲ ನೋಡ್ರಿ, ಕೆಲಸ ಮಾಡೋರ ಮನಿಗೆ ಅದs ಹೋಗ್ತೈತಿ. ಆಕಿ ಅಕ್ಕಿ ಆರಿಸಾಕತ್ತಿರ್ತಾಳ, ಈಕಿ ಹೂವು ಕಟ್ಟಾಕತ್ತಿರ್ತಾಳ. ಅವ್ರ ಕೈ ನಿಲ್ಲಬಾರ್ದು. ಕೈ ನಿಂತ್ರ ನೀ ಬರದದ್ದು ಸುಳ್ಳು." ಇನ್ನೊಂದು ಸಲ ನನ್ನ ಟಿಕೆಟ್ ಚೀಲವನ್ನು ತೋರಿಸಿ, "ನೀನೂ ಬರೀಬಹುದಪ್ಪ. ಎಲ್ಲಿ ಹತ್ತ್ಯಾರ, ಎಲ್ಲಿ ಇಳೀತಾರ ಅನ್ನೋದು ನಿನಗ ಗೊತ್ತೈತಿ. ಯಾಕ ಇಳಿದ್ರು ಅನ್ನೋದಷ್ಟ ಬರೀಬೇಕು" ಎಂದಿದ್ದರು. ನಾನು ಈಗ ಮುಪ್ಪಿನಲ್ಲಿ ಬರೆಯಲು ಕೂತಿದ್ದೇನೆ. ಯಾಕೆ ಇಳಿದರು ಎಂಬುದು ಇನ್ನೂ ಅಷ್ಟಾಗಿ ಗೊತ್ತಾಗಿಲ್ಲ.

ಹೂವು ಕಟ್ಟುವವರಲ್ಲಿ ಕೊಟ್ರಮ್ಮ ಎಂಬ ಹುಡುಗಿ ಇದ್ದಳು. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಹರಪನಹಳ್ಳಿ ಕಡೆ ಕೊಟ್ಟಿದ್ದರು, ತವರಿಗೆ ಬಂದು ವರ್ಷವಾಗಿತ್ತು. ಎಡಗೈಯ ಕಿರುಬೆರಳು ಸೊಟ್ಟ. ಬಾಗಿಲಿಗೆ ಸಿಕ್ಕಿತು ಎನ್ನುತ್ತಿದ್ದಳು. ಬಾಗಿಲನ್ನು ಯಾರು ಹಾಕಿದರು ಎಂದು ಯಾರೂ ಕೇಳುತ್ತಿರಲಿಲ್ಲ. ಭಾನುವಾರ ಆಕೆ ಕುರ್ಚಿಗೆ ಎಲ್ಲರಿಗಿಂತ ಹತ್ತಿರ ಕೂರುತ್ತಿದ್ದಳು. ಕಥೆ ಮುಗಿದ ಮೇಲೆ ಉಳಿದವರು ಎದ್ದರೂ ಆಕೆ ಏಳುತ್ತಿರಲಿಲ್ಲ. "ಮುಂದೇನಾಕ್ಕತ್ರಿ ಆಕಿದು?" ಎಂದು ಒಂದೇ ಪ್ರಶ್ನೆ. ಅಪ್ಪ ಗಂಡನ ಮನೆಗೆ ಹೋಗು ಎಂದಾಗಲೆಲ್ಲ ಆಕೆ, "ದೊಡ್ಡಾಕಿ ಹೋಗ್ಯಾಳೇನು?" ಎಂದು ಕೇಳುತ್ತಿದ್ದಳಂತೆ.

ಕೆಟ್ಟದ್ದು ಆಮೇಲೆ. ಬ್ಯಾಂಕಿಗೆ ಉತ್ತರ ಭಾರತದ ಅಧಿಕಾರಿಯೊಬ್ಬರು ವರ್ಗವಾಗಿ ಬಂದರು. ಅವರ ಹೆಂಡತಿ ಒಂದು ಭಾನುವಾರ ಹೂವು ಕೊಳ್ಳಲು ಬಂದವರು ಧಾರಾವಾಹಿ ಕಂಡು ಅಲ್ಲೇ ಕೂತರು. ಸಾಹೇಬರ ಕಥೆಯಲ್ಲಿ ಅವತ್ತು ದೊಡ್ಡ ಸೊಸೆ ಅತ್ತೆಯ ಬಾಯಿ ಮುಚ್ಚಿಸುತ್ತಿದ್ದಳು. ಪಡಸಾಲೆಯೆಲ್ಲ ನಗುತ್ತಿತ್ತು. ಆ ಹೆಣ್ಣುಮಗಳು ಮಾತ್ರ ಸೆರಗು ಕಣ್ಣಿಗೊತ್ತಿಕೊಂಡು ಬಿಕ್ಕುತ್ತಿದ್ದಳು.

"ಆ ಅವ್ವ ಯಾಕ ಅಳಾಕತ್ತಾಳ?" ಹುಲಿಗೆವ್ವ ಕೇಳಿದಳು.

ಎಲ್ಲರೂ ಬಾಗಿಲ ಬಳಿ ಕೂತಿದ್ದ ಖಾದರನ ಕಡೆ ತಿರುಗಿದರು. ಖಾದರ್ ಆಂಟೆನಾ ಸರಿಮಾಡುವ ನೆಪದಲ್ಲಿ ಏಳಲು ನೋಡಿದ. ಹುಲಿಗೆವ್ವ ಅವನ ಅಂಗಿಯನ್ನು ಹಿಡಿದಳು. ಅವನು ಹೇಳಿಬಿಟ್ಟ. ದೊಡ್ಡ ಸೊಸೆ ಅತ್ತೆಯ ಕಾಲಿಗೆ ಬಿದ್ದು, ಮನೆಯ ಮೂಲೆಯಲ್ಲಾದರೂ ಜಾಗ ಕೊಡಿ ಎಂದು ಕೇಳುತ್ತಿದ್ದಳು.

ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಅವತ್ತೂ ಒಂದು ಮೊಳ ಮಲ್ಲಿಗೆ ಕೊಟ್ಟರು, ಸಾಹೇಬರು ಅದನ್ನು ಕುರ್ಚಿಯ ಮೇಲೆಯೇ ಬಿಟ್ಟು ಹೋದರು.

ಬೇರೆ ಯಾರಾದರೂ ಆಗಿದ್ದರೆ ಆ ಓಣಿಗೆ ತಲೆ ಹಾಕುತ್ತಿರಲಿಲ್ಲ. ಇವರು ಹಟಕ್ಕೆ ಬಿದ್ದು ಹಿಂದಿ ಕಲಿತರು. ನಿಘಂಟು ತಂದರು, ಖಾದರನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ ಕೇಳಿ ಅವನ ಊಟದ ಹೊತ್ತನ್ನು ತಿಂದರು. ಐದಾರು ತಿಂಗಳಲ್ಲಿ ನಿಜಕ್ಕೂ ಬಂತು. ಮತ್ತೆ ಕುರ್ಚಿಗೆ ಬಂದು ಕೂತು ಪ್ರಾಮಾಣಿಕವಾಗಿ, ಒಂದು ಮಾತೂ ಆಚೀಚೆಯಾಗದಂತೆ ಕಥೆ ಹೇಳತೊಡಗಿದರು. ದೊಡ್ಡ ಸೊಸೆ ಅತ್ತಳು. ಮತ್ತೆ ಅತ್ತಳು. ಹಾಲಿನ ಲೋಟ ಹಿಡಿದುಕೊಂಡು ಅತ್ತಳು. ಎರಡನೇ ವಾರಕ್ಕೆ ಹೆಣ್ಣುಮಕ್ಕಳ ಕೈ ನಿಧಾನವಾಯಿತು, ಮೂರನೇ ವಾರಕ್ಕೆ ಮಾಲೆಗಳು ಸಡಿಲವಾಗಿ ದಾರ ಕಾಣತೊಡಗಿತು. ಹುಲಿಗೆವ್ವ ಹಿಂಜರಿಯುತ್ತಲೇ ಹೇಳಿದಳು, "ಸಾಹೇಬ್ರ, ನೀವು ಮೊದಲಿನಂಗ ಹೇಳ್ರಿ. ಖರೇನೋ ಸುಳ್ಳೋ ನಾವೇನು ಕೇಳಂಗಿಲ್ಲ."

ಆದರೆ ಆಗಲಿಲ್ಲ. ಅದೇ ನೋಡಿ ವಿಚಿತ್ರ. ಅವರಿಗೆ ಎಲ್ಲ ಅರ್ಥವಾಗುತ್ತಿತ್ತು, ಅದೇ ಅಡ್ಡ ಬಂತು. ಲಾಗ್‌ಶೀಟಿನ ಹಿಂಬದಿ ಖಾಲಿ ಉಳಿಯಿತು. ಪೆನ್ಸಿಲನ್ನು ಕೆತ್ತಿ ಕೆತ್ತಿ ಗಿಡ್ಡ ಮಾಡಿದ್ದಷ್ಟೇ ಬಂತು. ಮೈಕಿನಲ್ಲಿಯೂ ಸೊರಗಿದರು. "ಕೂಡ್ಲಿಗಿ ಬಸ್ಸು ಬಂದಿದೆ" ಎಂದು ಹೇಳಿ ಸುಮ್ಮನಾಗಿಬಿಡುವರು. ಜನ ಬಸ್ಸು ತಡವಾದದ್ದಕ್ಕೆ ನಮ್ಮ ಮೇಲೆ ಜಗಳಕ್ಕೆ ಬರತೊಡಗಿದರು. ಇಡೀ ಮಾರ್ಗದಲ್ಲಿ ಸಾಹಿತ್ಯದ ಕೊರತೆಯಿಂದ ಬೈಸಿಕೊಂಡ ಕಂಡಕ್ಟರು ನಾನೊಬ್ಬನೇ ಇರಬೇಕು.

"ಬರವಲ್ದಪ್ಪ" ಎಂದರು ನನ್ನ ಹತ್ತಿರ ಒಂದು ದಿನ. "ಬರಿಯಾಕ ಕುಂತ್ರ ಆಕಿ ಬಂದು ಹಿಂದಿಯಾಗ ಅಳ್ತಾಳ."

ಆಗಲೇ ಬೆಂಗಳೂರಿನಿಂದ ಕಾಗದ ಬಂತು. ನಾಲ್ಕು ಕಂತುಗಳು ಗಮನ ಸೆಳೆದಿವೆ, ಕಥೆಯ ಪೂರ್ತಿ ಸಾರಾಂಶವನ್ನು, ಮುಕ್ತಾಯ ಸಮೇತ, ಎರಡು ತಿಂಗಳೊಳಗೆ ಕಳಿಸಿ ಎಂದು. ಟೈಪು ಮಾಡಿದ ಕಾಗದ, ಕೆಳಗೆ ಶಾಯಿಯ ಸಹಿ. ಅದನ್ನು ಅವರು ನನಗೆ ಮೂರು ಸಲ ಓದಿಸಿದರು. ಮೊದಲ ಸಲ ಮುಖ ಅರಳಿತ್ತು, ಮೂರನೇ ಸಲಕ್ಕೆ ಬಾಡಿತ್ತು. ಜೀವಮಾನದಲ್ಲಿ ಒಂದೇ ಸಲ ಕರೆದಿದ್ದಾರೆ, ಕೇಳಿದ್ದು ಮುಕ್ತಾಯ. ಇವರ ಬಳಿ ಇಲ್ಲದ್ದೂ ಅದೊಂದೇ. "ದೊಡ್ಡಾಕಿ ಹೋಗ್ತಾಳೋ ಬಿಡ್ತಾಳೋ, ನನಗs ಗೊತ್ತಿಲ್ಲ" ಎಂದರು. ಎರಡು ತಿಂಗಳು ಕರಗುತ್ತ ಬಂತು, ಪೆನ್ಸಿಲೂ ಕರಗಿತು.

ಅತ್ತ ಧಾರಾವಾಹಿಯಲ್ಲಿ ದೊಡ್ಡ ಸೊಸೆ ಗಂಡನ ಮನೆ ಸೇರಿದಳು. ಅದನ್ನು ಇದೇ ಸಾಹೇಬರು ಚಾಚೂ ತಪ್ಪದೆ ಅನುವಾದಿಸಿ ಹೇಳಿದ್ದರು. ಕೊಟ್ರಮ್ಮನ ಅಪ್ಪನಿಗೆ ಇನ್ನೇನು ಬೇಕು? "ಟೀವಿಯಾಗಿನಾಕಿನೂ ಹೋದ್ಲು. ನೀ ಏನು ಆಕಿಗಿಂತ ದೊಡ್ಡಾಕಿ ಆದಿ?" ಎಂದ. ಹಿರಿಯರು ಕೂತರು, ಮಾತಾಯಿತು. ಒಂದು ಸೋಮವಾರ ಬೆಳಿಗ್ಗೆ ಗಂಡ ಬಂದು ಆಕೆಯನ್ನು ಕರೆದುಕೊಂಡು ನಿಲ್ದಾಣಕ್ಕೆ ಬಂದ.

ನಮ್ಮದೇ ಬಸ್ಸು. ಖಾದರ್ ಸ್ಟಿಯರಿಂಗ್ ಮುಂದೆ ಕೂತಿದ್ದ, ನಾನು ಅರ್ಧ ಜನಕ್ಕೆ ಟಿಕೆಟು ಹರಿದಾಗಿತ್ತು, ಟಾಪಿನ ಮೇಲೆ ಹುಲಿಗೆವ್ವನ ಎರಡು ಬುಟ್ಟಿ ಮೊಗ್ಗು. ಗಂಡ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ. ಕೊಟ್ರಮ್ಮ ಟ್ರಂಕು ಕೆಳಗಿಟ್ಟು ಕಂಟ್ರೋಲರ್ ಕೋಣೆಯ ಕಿಟಕಿಗೆ ಬಂದಳು. ನಾನು ಲಾಗ್‌ಶೀಟಿನ ಸಹಿಗೆ ಅಲ್ಲೇ ನಿಂತಿದ್ದೆ.

"ಸಾಹೇಬ್ರ, ಟೀವಿಯಾಗಿಂದು ಬಿಡ್ರಿ. ನೀವು ಬರೀತಿದ್ರಲ್ಲ, ಆಕಿದು. ಮುಂದೇನಾತ್ರಿ?"

ಸಾಹೇಬರು ಆಕೆಯ ಮುಖ ನೋಡಲಿಲ್ಲ. ಕಿಟಕಿಯ ಕಂಬಿ ಹಿಡಿದಿದ್ದ ಎಡಗೈಯನ್ನು ನೋಡಿದರು. "ಇನ್ನಾ ಬರದಿಲ್ಲವ್ವ" ಎಂದರು.

"ಹಂಗಾರ ನಾ ಬರ್ತೀನ್ರಿ" ಎಂದು ಆಕೆ ಟ್ರಂಕಿನ ಕಡೆ ಹೋದಳು.

ಸಾಹೇಬರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಮೇಜಿನ ಮೇಲಿಟ್ಟರು. ಗಂಟಲು ಸರಿಮಾಡಿಕೊಂಡರು. ತಿಂಗಳುಗಟ್ಟಲೆ ಕೇಳದ ಆ ಧ್ವನಿ ಮೈಕಿನಲ್ಲಿ ಬಂತು: "ಪ್ರಯಾಣಿಕರ ಗಮನಕ್ಕೆ. ಹರಪನಹಳ್ಳಿಗೆ ಹೊರಡಬೇಕಾಗಿದ್ದ ಬಸ್ಸು ಇಂಜಿನ್ನಿನ ಗಂಭೀರ ದೋಷದಿಂದಾಗಿ ರದ್ದಾಗಿದೆ. ನೋಡಲು ಅದು ಸರಿಯಾಗಿಯೇ ಕಾಣುತ್ತದೆ. ಹಾಗೆ ಕಾಣುವುದೇ ಅದರ ದೋಷ. ಮುಂದಿನ ಬಸ್ಸು ಮಧ್ಯಾಹ್ನ ಎರಡಕ್ಕೆ."

ಆಗ ನಮ್ಮ ಬಸ್ಸು ನಿಲ್ದಾಣದ ನಡುಮಧ್ಯೆ ಗುರುಗುಟ್ಟುತ್ತ, ಹೊರಡಲು ಸಿದ್ಧವಾಗಿ ನಿಂತಿತ್ತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಖಾದರ್ ಇಂಜಿನ್ ಬಂದ್ ಮಾಡಿ ಕೆಳಗಿಳಿದ, ಬಾನೆಟ್ ಎತ್ತಿದ, ಒಳಗೆ ಬಗ್ಗಿ ನೋಡಿ ಡಾಕ್ಟರರ ಹಾಗೆ ತಲೆಯಾಡಿಸಿದ. ನಾನು ಬಾಯಿ ಮುಚ್ಚಿಕೊಂಡು ಟಿಕೆಟು ವಾಪಸು ತೆಗೆದುಕೊಳ್ಳತೊಡಗಿದೆ.

ಗಂಡ ಕೂಗಾಡಿ, ಎರಡಕ್ಕೆ ಬರುತ್ತೇನೆಂದು ಮತ್ತೆ ಹೋಟೆಲಿಗೆ ಹೋದ. ಹುಲಿಗೆವ್ವ ಓಡಿ ಬಂದಳು. ಆಕೆಯ ಚಿಂತೆ ಬೇರೆ. "ನನ್ನ ಮೊಗ್ಗು ಬಿಸಿಲಿಗೆ ಅರಳಿಬಿಡ್ತಾವಲ್ಲೋ ಯಪ್ಪಾ!" ಬುಟ್ಟಿ ಇಳಿಸಿದೆವು. ಸುಮ್ಮನೆ ಕೂತಿದ್ದ ಕೊಟ್ರಮ್ಮ ಒಂದು ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಬೆಂಚಿನ ಮೇಲೆ ಕೂತು ಕಟ್ಟತೊಡಗಿದಳು. ಬಸ್ಸು ತಪ್ಪಿದ ಹೆಂಗಸರು ಸುತ್ತ ನೆರೆದರು, ಒಬ್ಬಳು ಒಂದು ಮೊಳ ಎಂದಳು, ಇನ್ನೊಬ್ಬಳು ಎರಡು ಎಂದಳು. ಎರಡು ಗಂಟೆಯ ಹೊತ್ತಿಗೆ ಒಂದು ಬುಟ್ಟಿ ಖಾಲಿಯಾಗಿತ್ತು. ಆಕೆ ತಲೆಯೆತ್ತಿರಲಿಲ್ಲ, ಕೈ ನಿಂತಿರಲಿಲ್ಲ.

ಎರಡಕ್ಕೆ ಅದೇ ಬಸ್ಸು ಹೊರಡಲು ನಿಂತಿತು. ಇಂಜಿನ್ನಿನ ದೋಷ ತಾನಾಗಿಯೇ ವಾಸಿಯಾಗಿತ್ತು. ಗಂಡ ಟ್ರಂಕಿಗೆ ಕೈ ಹಾಕಿ, "ಏಳು, ಬಸ್ ಬಂತು" ಎಂದ.

ಆಕೆ ದಾರ ಕಚ್ಚಿ ಹರಿದಳು. "ನಾ ಬರಂಗಿಲ್ಲ" ಎಂದಳು. "ಈ ಬಸ್ಸಿಗೂ ಬರಂಗಿಲ್ಲ, ಮುಂದಿನ ಬಸ್ಸಿಗೂ ಬರಂಗಿಲ್ಲ. ಟ್ರಂಕು ಇಡು."

ಅವನು ಕೈಯೆತ್ತಿದ. ಸುತ್ತ ಮಲ್ಲಿಗೆ ಮುಡಿದು ನಿಂತ ಇಪ್ಪತ್ತು ಹೆಂಗಸರನ್ನು ಕಂಡು ಇಳಿಸಿದ. ನನಗೆ ನೆನಪಿದೆ, ಹರಪನಹಳ್ಳಿವರೆಗೂ ಅವನು ಒಂದು ಟಿಕೆಟಿನಲ್ಲಿ ಎರಡು ಸೀಟು ಹಿಡಿದು ಕೂತಿದ್ದ, ನಾನು ಕೇಳಲಿಲ್ಲ.

ಮೇಲಿನವರಿಂದ ಮೆಮೊ ಬಂತು: ಸುಸ್ಥಿತಿಯಲ್ಲಿದ್ದ ವಾಹನವನ್ನು ರದ್ದು ಮಾಡಿದ್ದೇಕೆ? ಸಾಹೇಬರು ಏಳು ಪುಟದ ವಿವರಣೆ ಬರೆದರು. ಅದರಲ್ಲಿ ಇಂಜಿನ್ನಿಗೆ ಬಂದ ಕಾಯಿಲೆ, ಖಾದರನ ಪ್ರಾಮಾಣಿಕ ಕಣ್ಣೀರು, ಮಲ್ಲಿಗೆಯ ದುಃಖ ಎಲ್ಲವೂ ಇದ್ದವು. ಓದಿದ ಗುಮಾಸ್ತರು ಕಚೇರಿಯಲ್ಲೆಲ್ಲ ಹಂಚಿ ಓದಿದರಂತೆ. ಮೆಚ್ಚಿಕೊಂಡು ಒಂದು ವರ್ಷದ ಇನ್‌ಕ್ರಿಮೆಂಟ್ ತಡೆದರು. ಖಾದರನಿಗೂ ನನಗೂ ಎಚ್ಚರಿಕೆ ಕೊಟ್ಟು ಬಿಟ್ಟರು.

"ಇನ್ನೇನು, ಮುಕ್ತಾಯ ಸಿಕ್ತಲ್ಲ, ಬೆಂಗಳೂರಿಗೆ ಕಳಿಸ್ರಿ" ಎಂದೆ. ವಾಯಿದೆಗೆ ಇನ್ನೂ ನಾಲ್ಕು ದಿನವಿತ್ತು.

"ಅದು ನಾ ಬರದದ್ದೇನಪ್ಪ?" ಎಂದರು. "ನಾ ಬಸ್ ನಿಲ್ಸಿದೆ. ಹತ್ತದs ಉಳಿದಾಕಿ ಆಕಿ. ಆಕಿದು ನಾ ನನ್ನ ಹೆಸರ್ಲೆ ಹೆಂಗ ಕಳಿಸ್ಲಿ?"

ಕಳಿಸಲಿಲ್ಲ. ನನಗೆ ಆಗ ಕೆಟ್ಟ ಸಿಟ್ಟು ಬಂದಿತ್ತು, ಈಗ ಇಲ್ಲ. ನಟಿಯ ಫೋಟೋ ಮಾತ್ರ ಗೋಡೆಯಿಂದ ಇಳಿಯಿತು. ನಾನು ಬೇರೆ ಡಿಪೋಕ್ಕೆ ವರ್ಗವಾದೆ, ಅವರು ಹಡಗಲಿಯಲ್ಲೇ ನಿವೃತ್ತರಾದರು. ಮತ್ತೆ ಏನೂ ಬರೆದದ್ದು ಕೇಳಲಿಲ್ಲ.

ಈಗ ಆ ಫೋನು. ಮಾಡಿದವಳು ಕೊಟ್ರಮ್ಮ. ಅವತ್ತಿನ ಬೆಂಚಿನ ಪಕ್ಕವೇ ಆಕೆಗೆ ಹೂವಿನ ಅಂಗಡಿಯಿದೆ, ಮೂವತ್ತು ವರ್ಷ ದಾಟಿತು. ಸಾಹೇಬರು ಕೊನೆಕೊನೆಗೆ ಏನಾದರೂ ಬರೆಯುತ್ತಿದ್ದರೇ ಎಂದು ಕೇಳಿದೆ.

"ಎಲ್ಲಿ ಬರೀತಾರ್ರಿ? ದಿನಾ ಸಂಜಿಮುಂದ ನನ್ನ ಅಂಗಡ್ಯಾಗ ಬಂದು ಕುಂದ್ರತಿದ್ರು. ನಾ ಒಂದು ಸಣ್ಣ ಟೀವಿ ಇಟ್ಟೀನ್ರಿ. ಈಗ ಧಾರಾವಾಹಿ ಎಲ್ಲಾ ಕನ್ನಡದಾಗs ಬರ್ತಾವಲ್ಲ, ಅವ್ರಿಗೆ ತಿಳಿದುಬಿಡ್ತಿತ್ತು. ಮಾರಿ ಸಣ್ಣದು ಮಾಡ್ತಿದ್ರು. ಅದಕ್ಕ ನಾ ಧ್ವನಿ ಬಂದ್ ಮಾಡಿಬಿಡ್ತಿದ್ದೆ."

"ಆಮ್ಯಾಲೆ?"

"ಆಮ್ಯಾಲೆ ಅವ್ರು ಹೇಳ್ತಿದ್ರು, ನಾ ಕಟ್ಟತಿದ್ದೆ."

ಆಕೆಯ ಹಿಂದೆ ನಿಲ್ದಾಣದ ಮೈಕು ಯಾವುದೋ ಬಸ್ಸಿನ ಹೆಸರು ಹೇಳುತ್ತಿತ್ತು.

"ಅವ್ರು ಹೋದಾಗಿಂದ ಧ್ವನಿ ಇಟ್ಟೀನ್ರಿ" ಎಂದಳು. "ಎಲ್ಲಾ ಕನ್ನಡನs ಐತಿ. ಒಂದೂ ತಿಳಿವಲ್ದು."